ನೆಲದ ನಡುವಿನ ನೀರಿನ ದ್ವೀಪಗಳು: ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರಿನಲ್ಲಿ ಹಕ್ಕಿ ನೋಡೋದು ಹೇಗೆ?

ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ ಇಲ್ಲಿದೆ. ಇಯರ್‌ಫೋನ್ ಮನೆಯಲ್ಲೇ ಬಿಟ್ಟು ಬಂದವರು ಓದಿಕೊಳ್ಳಬಹುದು.

ಇವತ್ತು ಒಂದು ಪ್ರಶ್ನೆಯಿಂದ ಶುರು ಮಾಡ್ತೀನಿ. ಜೇಮ್ಸ್ ಬಾಂಡ್ ಯಾರು?

ಗನ್ನು, ಕಾರು, ಕೋಟು ಅಂತ ನಿಮಗೆ ನೆನಪಾಗಿರುತ್ತೆ. ಆದ್ರೆ ನಿಜವಾದ ಜೇಮ್ಸ್ ಬಾಂಡ್ ಒಬ್ಬ ಹಕ್ಕಿ ತಜ್ಞ. ಅಮೆರಿಕದ ಫಿಲಡೆಲ್ಫಿಯಾದವರು. ಕೆರಿಬಿಯನ್ ದ್ವೀಪಗಳನ್ನು, ಅಂದ್ರೆ ಕ್ರಿಕೆಟ್ ನೋಡೋ ನಮಗೆಲ್ಲ ವೆಸ್ಟ್ ಇಂಡೀಸ್ ಅಂತ ಗೊತ್ತಿರೋ ಜಾಗವನ್ನು ಸುತ್ತಿ, ಅಲ್ಲಿನ ಹಕ್ಕಿಗಳ ಬಗ್ಗೆ 1936ರಲ್ಲಿ ಒಂದು ಪುಸ್ತಕ ಬರೆದ್ರು. ಇಯಾನ್ ಫ್ಲೆಮಿಂಗ್ ಅನ್ನೋ ಲೇಖಕರಿಗೆ ಜಮೈಕಾದಲ್ಲಿ ಮನೆ ಇತ್ತು, ಹಕ್ಕಿ ನೋಡೋ ಹುಚ್ಚೂ ಇತ್ತು. 1953ರಲ್ಲಿ ಬಂದ ತಮ್ಮ ಮೊದಲ ಕಾದಂಬರಿಯ ಗೂಢಚಾರನಿಗೆ ಒಂದು ಸಪ್ಪೆ ಹೆಸರು ಬೇಕಿತ್ತು. ಮನೆಯಲ್ಲೇ ಇದ್ದ ಆ ಹಕ್ಕಿ ಪುಸ್ತಕದ ಮೇಲಿನ ಹೆಸರನ್ನು ತಗೊಂಡುಬಿಟ್ಟರು.

ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ಹಕ್ಕಿ ನೋಡೋದು ಅಂದ ಕೂಡಲೇ ನಮ್ಮ ಮೊಬೈಲ್ ಪರದೆ ಮೇಲೆ ಬರೋದು ಅಂಥ ದ್ವೀಪಗಳೇ. ನೀಲಿ ಸಮುದ್ರ, ಬಣ್ಣಬಣ್ಣದ ಗಿಳಿ, ಕ್ಯೂಬಾದ ಆ ಪುಟ್ಟ ಜೇನುಹಕ್ಕಿ. ಅದು ಬರೀ 2 ಗ್ರಾಂ ತೂಗುತ್ತೆ, ಜಗತ್ತಿನಲ್ಲೇ ಅತಿ ಚಿಕ್ಕ ಹಕ್ಕಿ. ಅದನ್ನ ನೋಡಿ, 'ನಮ್ಮ ಹಾವೇರಿ ಜಿಲ್ಲೆಯಲ್ಲಿ ಏನೈತ್ರಿ? ಮೆಣಸಿನಕಾಯಿ, ಗೋವಿನಜೋಳ' ಅಂತ ಸುಮ್ಮನಾಗ್ತೀವಿ.

ನಮ್ಮಲ್ಲೂ ದ್ವೀಪಗಳಿವೆ ಅನ್ನೋದೇ ಇವತ್ತಿನ ವಿಷಯ. ಅಲ್ಲಿ ನೀರಿನ ನಡುವೆ ನೆಲ. ಇಲ್ಲಿ ನೆಲದ ನಡುವೆ ನೀರು. ಹೊಲಗಳ ನಡುವೆ ಒಂದೊಂದು ಕೆರೆ, ಒಂದು ಹಳೇ ಕೋಟೆ, ಒಂದು ಹುಲ್ಲು ಬೀಳು. ಹಕ್ಕಿಗಳ ಲೆಕ್ಕದಲ್ಲಿ ಇವೂ ದ್ವೀಪಗಳೇ. ಈ ದ್ವೀಪಗಳ ಅಂಚು ಈಗ ಸವೀತಾ ಇದೆ. ಅದನ್ನ ಗಮನಿಸಬೇಕಾದವರು ಇಲ್ಲೇ ಇರೋ ನಾವು.

ನಾಲ್ಕು ತಾಲೂಕು, ನಾಲ್ಕು ಥರದ ನೆಲ

ಮೊದಲು ನಕ್ಷೆ ಮನಸ್ಸಿನಲ್ಲಿ ಇಟ್ಕೊಳ್ರಿ. ಪಶ್ಚಿಮಕ್ಕೆ ಹಾನಗಲ್ಲ. ಮಲೆನಾಡಿನ ಸೆರಗು. ಮಳೆ ಜಾಸ್ತಿ, ಭತ್ತದ ಗದ್ದೆ, ಮಾವಿನ ತೋಟ, ಧರ್ಮಾ ನದಿ. ಅಲ್ಲಿಂದ ಉತ್ತರಕ್ಕೆ ಬಂದ್ರೆ ಶಿಗ್ಗಾವಿ, ಕನಕದಾಸರ ಬಾಡ ಮತ್ತು ಸಂತ ಶಿಶುನಾಳ ಷರೀಫರ ಸೀಮೆ. ಅದರ ಪೂರ್ವಕ್ಕೆ ಸವಣೂರು. ಮಳೆ ಕಡಿಮೆ ಆಗ್ತಾ, ಎರೆ ಭೂಮಿ ಜಾಸ್ತಿ ಆಗ್ತಾ ಹೋಗುತ್ತೆ. ದಕ್ಷಿಣಕ್ಕೆ ಹಿರೇಕೆರೂರು, ಹೆಸರಲ್ಲೇ ಕೆರೆ ಕೇಳಿಸೋ ಊರು.

ಒಂದು ದಿನ ಬೈಕಿನಲ್ಲಿ ಸುತ್ತೋ ಈ ದೂರದಲ್ಲಿ ಹಕ್ಕಿಗಳು ಬದಲಾಗ್ತಾ ಹೋಗ್ತವೆ. ಹಾನಗಲ್ಲಿನ ಮಾವಿನ ತೋಪಿನಲ್ಲಿ ಕುಟ್ರು ಹಕ್ಕಿ ಒಂದೇ ಸಮನೆ ಕೂಗುತ್ತೆ, ಮರ ಮರದ ನಡುವೆ ಬೂದು ಮಂಗಟ್ಟೆ ಹಾರುತ್ತೆ. ಗದ್ದೆಯಲ್ಲಿ ಬಾಯ್ಕಳಕ ಕೊಕ್ಕರೆ ಸಿಗುತ್ತೆ. ಇದರ ಕೊಕ್ಕು ಮುಚ್ಚಿದ್ರೂ ನಡುವೆ ಸಂದಿ ಕಾಣುತ್ತೆ. ಕೊಕ್ಕು ಮುರಿದಿದೆ ಅಂತ ಕನಿಕರ ಪಡಬೇಡ್ರಿ. ಅದರ ಮುಖ್ಯ ಊಟ ನೀರಿನ ಬಸವನಹುಳು. ಚಿಪ್ಪನ್ನು ಹಿಡಿದು ಒಳಗಿನ ಮಾಂಸ ಎಳೆಯೋ ಕೆಲಸಕ್ಕೆ ಹೊಂದುವಂಥ ಕೊಕ್ಕು ಅದು.

ಸವಣೂರು ಕಡೆ ಬಯಲಿಗೆ ಬಂದ್ರೆ ಲೋಕವೇ ಬೇರೆ. ಕರೆಂಟ್ ತಂತಿ ಮೇಲೆ ನೀಲಕಂಠ, ನಮ್ಮ ರಾಜ್ಯ ಪಕ್ಷಿ. ಬದುವಿನಲ್ಲಿ ಕೌಜುಗ. ಖಾಲಿ ಹೊಲದಲ್ಲಿ ಮಣ್ಣಿನ ಬಣ್ಣದ ನೆಲಗುಬ್ಬಿ. ಕೂತಿದ್ರೆ ಕಾಣೋದೇ ಇಲ್ಲ, ಹಾಡ್ತಾ ಮೇಲೆ ಹಾರಿದಾಗಲೇ ಗೊತ್ತಾಗೋದು. ಸವಣೂರಿನಲ್ಲಿ ಮೂರು ದೊಡ್ಡಹುಣಸೆ ಮರಗಳು ಪ್ರಸಿದ್ಧ. ಆಫ್ರಿಕಾ ಮೂಲದ ಮರ ಅದು. ಜೂನ್ ಹೊತ್ತಿಗೆ ಮಳೆಯ ಜತೆ ಬರೋ ಚಾತಕ ಹಕ್ಕಿಗಳಲ್ಲೂ ಎಷ್ಟೋ ಆಫ್ರಿಕಾದಿಂದ ಬರ್ತವೆ. ಬಂದು ಇಲ್ಲಿನ ಹರಟೆಮಲ್ಲನ ಗೂಡಿನಲ್ಲಿ ಮೊಟ್ಟೆ ಇಡುತ್ತೆ, ಮರಿ ಸಾಕೋ ಕೆಲಸ ಹರಟೆಮಲ್ಲನ ಪಾಲಿಗೆ.

ಒಂದು ಸಣ್ಣ ಮಾತು ಇಲ್ಲೇ ಹೇಳಿಬಿಡ್ತೀನಿ. ದಾಸವಾಳದ ಹೂವಿಗೆ ಬರೋ ಪುಟ್ಟ ಹಕ್ಕಿಯ ವಿಡಿಯೊ ಹಾಕಿ 'ಹಮ್ಮಿಂಗ್‌ಬರ್ಡ್' ಅಂತ ಬರೀತಾರೆ. ಭಾರತದಲ್ಲಿ ಹಮ್ಮಿಂಗ್‌ಬರ್ಡ್ ಇಲ್ಲ. ಅದು ಅಮೆರಿಕ ಖಂಡಗಳದ್ದು, ಕೆರಿಬಿಯನ್ ದ್ವೀಪಗಳದ್ದು. ನಮ್ಮದು ಸೂರಕ್ಕಿ. ಮಕರಂದ ಕುಡಿಯೋ ಕೆಲಸ ಒಂದೇ, ವಂಶ ಬೇರೆ.

ಬಂಕಾಪುರದ ಕೋಟೆ, ನವಿಲಿನ ಕೋಟೆ

ಹೊಸಬರು ಶುರು ಮಾಡೋಕೆ ಸುಲಭದ ಜಾಗ ಶಿಗ್ಗಾವಿ ತಾಲೂಕಿನ ಬಂಕಾಪುರ. ಪುಣೆ–ಬೆಂಗಳೂರು ಹೆದ್ದಾರಿಯಿಂದ ಸ್ವಲ್ಪ ಒಳಗೆ. ರಾಷ್ಟ್ರಕೂಟ ಅಮೋಘವರ್ಷನ ಸಾಮಂತ ಬಂಕೇಯನ ಹೆಸರು ಹೊತ್ತ ಊರು. ಕೋಟೆಯೊಳಗೆ ಅರವತ್ತು ಕಂಬದ ಗುಡಿ ಅಂತ ಜನ ಕರೆಯೋ ನಗರೇಶ್ವರ ದೇವಸ್ಥಾನ ಇದೆ. ಕಿಲಾರಿ ದನಗಳ ತಳಿ ಸಂವರ್ಧನಾ ಕೇಂದ್ರ ಇದೆ. ಜತೆಗೆ ನವಿಲುಗಳು. ಸುಮಾರು 139 ಎಕರೆಯ ಈ ಕೋಟೆ ಪ್ರದೇಶವನ್ನು 2006ರಲ್ಲಿ ನವಿಲು ಧಾಮ ಅಂತ ಘೋಷಿಸಿದ್ರು.

ಇಲ್ಲಿ ನವಿಲು ಯಾಕೆ ಉಳೀತು? ಒಂದೊಂದಾಗಿ ನೋಡೋಣ. ಕೋಟೆಯ ಕಂದಕ ಮತ್ತು ಗೋಡೆಗಳಿಂದ ಜನರ ಓಡಾಟ ಕಡಿಮೆ. ಮುಳ್ಳುಪೊದೆಗಳಿರೋದ್ರಿಂದ ನೆಲದ ಮೇಲೆ ಮೊಟ್ಟೆ ಇಡೋ ಹೆಣ್ಣು ನವಿಲಿಗೆ ಅಡಗೋಕೆ ಜಾಗ. ದೊಡ್ಡ ಮರಗಳಿರೋದ್ರಿಂದ ರಾತ್ರಿ ಎತ್ತರದಲ್ಲಿ ಕೂತು ಮಲಗೋಕೆ ಅನುಕೂಲ. ದನಗಳಿಗಾಗಿ ಮೇವು, ಹುಲ್ಲು ಬೆಳೆಯೋದ್ರಿಂದ ಹುಳ, ಕಾಳು, ಬಯಲು ಎಲ್ಲಾ ಸಿಗುತ್ತೆ. ಅಂದ್ರೆ ದನಗಳಿಗೆ ಅಂತ ಕಾಪಾಡಿದ ಜಾಗ ನವಿಲಿಗೂ ಆಸರೆ ಆಯ್ತು. ನವಿಲಿಗೆ ಅಂತ ಕಾಪಾಡಿದ್ದರಲ್ಲಿ ಮರಕುಟಿಗ, ಹಾಲಕ್ಕಿ ಗೂಬೆ, ಗಿಳಿ, ಬಾಲ ಉದ್ದದ ರಾಜಹಕ್ಕಿ ಎಲ್ಲವೂ ಬದುಕಿದವು.

ಗಂಡು ನವಿಲು ಗರಿ ಬಿಚ್ಚಿ ಕುಣಿಯೋದನ್ನ ನೋಡಬೇಕಂದ್ರೆ ಮುಂಗಾರಿನ ಆಸುಪಾಸು ಹೋಗಬೇಕು. ಮಳೆಗಾಲ ಮುಗಿಯೋ ಹೊತ್ತಿಗೆ ಉದ್ದ ಗರಿಗಳು ಉದುರಿ ಹೋಗಿರ್ತವೆ. ಬೆಳಗ್ಗೆ ಬೇಗ ಹೋಗ್ರಿ, ಇಲ್ಲಾ ಸಂಜೆ ಹೋಗ್ರಿ. ಮಧ್ಯಾಹ್ನ ಹೋದ್ರೆ ಕೋಟೆ ಗೋಡೆ ಮಾತ್ರ ಕಾಣೋದು.

ರೈತರ ಮಾತನ್ನೂ ಕೇಳಬೇಕು. ನವಿಲು 1963ರಿಂದ ರಾಷ್ಟ್ರಪಕ್ಷಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅತಿ ಹೆಚ್ಚಿನ ರಕ್ಷಣೆ ಪಡೆದ ಹಕ್ಕಿ. ದೇಶದಲ್ಲಿ ಸಂಖ್ಯೆ ಏರ್ತಾ ಇರೋ ಕೆಲವೇ ಹಕ್ಕಿಗಳಲ್ಲಿ ಒಂದು. ಬಿತ್ತಿದ ಶೇಂಗಾ ಹೊಲಕ್ಕೆ ನವಿಲಿನ ಹಿಂಡು ಇಳಿದ್ರೆ ರೈತನಿಗೆ ಅದು ಫೋಟೊ ಅಲ್ಲ, ನಷ್ಟ. ಹಕ್ಕಿ ಪ್ರೀತಿಸೋರು ಈ ಮಾತನ್ನ ಮುಚ್ಚಿಟ್ಟು ಮಾತಾಡಿದ್ರೆ ಊರಿನಲ್ಲಿ ಯಾರೂ ಕೇಳಲ್ಲ.

ಕೆರೆಯನ್ನ ಓದೋದು ಹೇಗೆ?

ಈಗ ಕೆರೆಗೆ ಬರೋಣ. ಹಾನಗಲ್ಲಿನ ಆನಿಕೆರೆ, ಹಿರೇಕೆರೂರಿನ ದುರ್ಗಾದೇವಿ ಕೆರೆ, ಸವಣೂರಿನ ಮೋತಿ ತಲಾಬ್, ಕುಮುದ್ವತಿ ನದಿಗೆ ಕಟ್ಟಿದ ಮದಗ ಮಾಸೂರು ಕೆರೆ. ಮದಗದ ಕೆರೆ ವಿಜಯನಗರ ಕಾಲದ್ದು. ಏರಿ ಒಡೆದ ಮೇಲೆ ಈಗ ಉಳಿದಿರೋದು ಮೊದಲಿನದರ ಒಂದು ಭಾಗ ಮಾತ್ರ. ನಿಮ್ಮೂರಿನ ಹೆಸರಿಲ್ಲದ ಕೆರೆಯೂ ಇದೇ ಲೆಕ್ಕಕ್ಕೆ ಸೇರುತ್ತೆ.

ಕೆರೆ ಮುಂದೆ ನಿಂತು ಬರೀ 'ನೀರು ಐತಿ' ಅಂತ ನೋಡಬೇಡ್ರಿ. ಮನೆಯಲ್ಲಿ ಪಡಸಾಲೆ, ಅಡುಗೆಮನೆ, ಹಿತ್ತಲು ಇರೋ ಹಾಗೆ ಕೆರೆಯಲ್ಲೂ ಭಾಗಗಳಿವೆ. ಒಂದೊಂದು ಭಾಗಕ್ಕೆ ಒಂದೊಂದು ಬಳಗ.

ನಡುವಿನ ಆಳದ ನೀರು: ಇಲ್ಲಿ ಮುಳುಗಿ ಮೀನು ಹಿಡಿಯೋ ನೀರುಕಾಗೆ ಮತ್ತು ಗುಳುಮುಳುಕ. ಗುಳುಮುಳುಕ ಮುಷ್ಟಿ ಗಾತ್ರದ ಹಕ್ಕಿ. ಇಲ್ಲಿ ಮುಳುಗಿ ಅಲ್ಲೆಲ್ಲೋ ಏಳುತ್ತೆ.

ತೇಲೋ ಎಲೆಗಳ ಭಾಗ: ಕಮಲ, ನೈದಿಲೆ ಇರೋ ಕಡೆ ದೇವನಕ್ಕಿ. ಉದ್ದ ಬೆರಳುಗಳಿಂದ ಭಾರ ಹಂಚಿಕೊಂಡು ಎಲೆ ಮೇಲೆ ನಡೆಯುತ್ತೆ. ಇದರಲ್ಲಿ ಕಾವು ಕೊಡೋದು, ಮರಿ ನೋಡಿಕೊಳ್ಳೋದು ಗಂಡು.

ಆಪಿನ ಭಾಗ: ದಡದ ಜೊಂಡಿನಲ್ಲಿ ನೇರಳೆ ಬಣ್ಣದ ಜಂಬುಕೋಳಿ. ಹೊತ್ತು ಮುಳುಗೋವಾಗ ಸಿಳ್ಳೆ ಹಾಕ್ತಾ ಹಾರೋದು ಸಿಳ್ಳೆ ಬಾತು.

ಮೊಣಕಾಲುದ್ದದ ನೀರು: ಬೆಳ್ಳಕ್ಕಿ, ಬಣ್ಣದ ಕೊಕ್ಕರೆ, ಕೆಂಪು ಕಾಲಿನ ಮೆಟ್ಟುಗಾಲು ಹಕ್ಕಿ.

ಕೆಸರು ಮತ್ತು ಒದ್ದೆ ಮಣ್ಣು: ಬಾಲ ಕುಣಿಸೋ ಕುಂಡೆಕುಸ್ಕ, ಕೆಸರು ಚುಚ್ಚೋ ಗೊರವ. ಚಳಿಗಾಲದಲ್ಲಿ ಕಾಣೋ ಇವುಗಳಲ್ಲಿ ಬಹಳಷ್ಟು ಹಿಮಾಲಯದಿಂದ, ಅದಕ್ಕೂ ಆಚೆಯಿಂದ ಬಂದವು.

ದಡದ ಒಣ ನೆಲ: ಟಿಟ್ಟಿಭ. ಗೂಡು ಕಟ್ಟೋದೇ ಇಲ್ಲ. ಬರಿ ನೆಲದ ಮೇಲೆ, ಕಲ್ಲಿನ ಬಣ್ಣದ ಮೊಟ್ಟೆ ಇಡುತ್ತೆ. ನೀವು ಹತ್ತಿರ ಹೋದ್ರೆ ತಲೆ ಮೇಲೆ ಸುತ್ತಿ ಕಿರುಚುತ್ತೆ. ಹಾಗೆ ಕಿರುಚಿದ್ರೆ ಮುಂದಿನ ಹೆಜ್ಜೆ ನೋಡಿ ಇಡ್ರಿ, ವಾಪಸ್ ಬರ್ರಿ.

ನಾನು ಪಟ್ಟಿ ಮಾಡಿದ್ರಲ್ಲಿ ಎಷ್ಟು ಹಕ್ಕಿ ಆಳದ ನೀರಿನವು, ಎಷ್ಟು ಅಂಚಿನವು ಅಂತ ಒಮ್ಮೆ ಎಣಿಸಿ ನೋಡ್ರಿ. ನಡುವಿಗೆ ಎರಡೇ. ಉಳಿದವೆಲ್ಲ ಅಂಚಿನ ಕಡೆಯವು.

ಮಂಗೋಲಿಯಾದಿಂದ ಶೇಂಗಾ ಹೊಲಕ್ಕೆ

ಸವಣೂರಿನಿಂದ ಪೂರ್ವಕ್ಕೆ ಲಕ್ಷ್ಮೇಶ್ವರ ದಾಟಿದ್ರೆ ಗದಗ ಜಿಲ್ಲೆಯ ಮಾಗಡಿ ಕೆರೆ. ಹಾವೇರಿ ಕಡೆಯ ಹಕ್ಕಿ ಪ್ರಿಯರಿಗೆಲ್ಲ ಅದು ಪಕ್ಕದ ಮನೆ ಇದ್ದ ಹಾಗೆ. ಪ್ರತಿ ಚಳಿಗಾಲ ಅಲ್ಲಿಗೆ ಪಟ್ಟೆತಲೆ ಹೆಬ್ಬಾತುಗಳು ಬರ್ತವೆ. ಬೂದು ಬಿಳಿ ಮೈ, ತಲೆ ಹಿಂದೆ ಎರಡು ಕಪ್ಪು ಪಟ್ಟೆ.

ಇವು ಮರಿ ಮಾಡೋದು ಟಿಬೆಟ್, ಮಂಗೋಲಿಯಾ ಕಡೆಯ ಎತ್ತರದ ಸರೋವರಗಳಲ್ಲಿ. ಅಲ್ಲಿ ನೀರು ಹೆಪ್ಪುಗಟ್ಟೋ ಹೊತ್ತಿಗೆ ಹಿಮಾಲಯ ದಾಟಿ ಬರ್ತವೆ. ಬೆನ್ನಿಗೆ ಪುಟ್ಟ ಯಂತ್ರ ಕಟ್ಟಿ ಅಳೆದಾಗ 7,000 ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿದೆ. ಆ ಎತ್ತರದಲ್ಲಿ ಗಾಳಿಯಲ್ಲಿ ಆಮ್ಲಜನಕ ಬಹಳ ಕಡಿಮೆ. ಇವುಗಳ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಬಿಗಿಯಾಗಿ ಹಿಡಿಯುತ್ತೆ, ಶ್ವಾಸಕೋಶವೂ ದೊಡ್ಡದು. ಮಂಗೋಲಿಯಾದಲ್ಲಿ ಕುತ್ತಿಗೆಗೆ ಪಟ್ಟಿ ಹಾಕಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ.

ಹಗಲು ಕೆರೆಯಲ್ಲಿ ವಿಶ್ರಾಂತಿ, ತಂಪು ಹೊತ್ತಿನಲ್ಲಿ ಸುತ್ತಲ ಹೊಲಗಳಲ್ಲಿ ಮೇವು. ಶೇಂಗಾ ಕಿತ್ತ ಮೇಲೆ ಉಳಿದ ಕಾಳು ಅವಕ್ಕೆ ಹಬ್ಬದೂಟ. ಅಂದ್ರೆ ಕೆರೆ ಒಂದಿದ್ದರೆ ಸಾಲದು, ಸುತ್ತ ಹೊಲವೂ ಬೇಕು. ಮಾಗಡಿ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿತು.

ಕೆರೆ ತುಂಬಿತು, ಅಂಚು ಎಲ್ಲಿ ಹೋಯ್ತು?

ಈಗ ಕಷ್ಟದ ಮಾತು. ನಮ್ಮ ಭಾಗದಲ್ಲಿ ಏತ ನೀರಾವರಿ ಮೂಲಕ ಕೆರೆ ತುಂಬಿಸೋ ಕೆಲಸ ನಡೀತಾ ಇದೆ. ಇದು ಆಗಲೇಬೇಕಾದ ಕೆಲಸ. ಬರಗಾಲದಲ್ಲಿ ಬೋರ್‌ವೆಲ್ ಬತ್ತಿ, ದನಕ್ಕೆ ನೀರಿಲ್ಲದೆ ಒದ್ದಾಡಿದ ಊರಿಗೆ ಹೋಗಿ 'ಹಕ್ಕಿಗೋಸ್ಕರ ಕೆರೆ ತುಂಬಿಸಬೇಡ್ರಿ' ಅಂತ ಹೇಳೋಕೆ ನನಗೆ ಬಾಯಿ ಬರಲ್ಲ. ಹಾಗೆ ಹೇಳಬೇಕಾಗಿಯೂ ಇಲ್ಲ.

ಪ್ರಶ್ನೆ ಇರೋದು ಕೆರೆಯ ಆಕಾರದ್ದು. ಹೂಳು ತೆಗೆಯೋವಾಗ ಸುತ್ತಲೂ ಒಂದೇ ಸಮ ಕಡಿದಾಗಿ ಕೆತ್ತಿ, ದಡಕ್ಕೆ ಕಲ್ಲು ಹೊದಿಸಿ, ಮೇಲೆ ವಾಕಿಂಗ್ ಟ್ರ್ಯಾಕ್ ಮಾಡಿದ್ರೆ ಕೆರೆ ಒಂದು ದೊಡ್ಡ ತೊಟ್ಟಿ ಆಗುತ್ತೆ. ವರ್ಷವಿಡೀ ಕಂಠಮಟ್ಟ ನೀರು. ನೀರುಕಾಗೆಗೆ ಖುಷಿ. ಆದ್ರೆ ಮೊಣಕಾಲುದ್ದದ ನೀರು ಇಲ್ಲ, ಕೆಸರು ಇಲ್ಲ, ಜೊಂಡು ಇಲ್ಲ. ಸಾವಿರಾರು ಕಿಲೋಮೀಟರ್ ಹಾರಿ ಬಂದ ಗೊರವಕ್ಕೆ ಕಾಲಿಡೋಕೆ ಜಾಗ ಇಲ್ಲ.

ಪರಿಹಾರ ದುಬಾರಿ ಏನಲ್ಲ. ನೀರು ಒಳಗೆ ಬರೋ ಕಡೆಯ ದಡವನ್ನು ಇಳಿಜಾರಾಗಿ ಬಿಡೋದು. ಆ ಕಡೆ ಜೊಂಡು ಸ್ವಲ್ಪ ಉಳಿಸೋದು. ತೆಗೆದ ಹೂಳಿನಲ್ಲಿ ನಡುವೆ ಒಂದು ಪುಟ್ಟ ನಡುಗಡ್ಡೆ ಮಾಡಿ ನಾಲ್ಕು ಜಾಲಿ ಗಿಡ ನೆಡೋದು. ಕೊಕ್ಕರೆಗಳಿಗೆ ಅಷ್ಟು ಸಾಕು. ರೈತರ ನೀರೂ ಕಡಿಮೆ ಆಗಲ್ಲ. ಆದ್ರೆ ಇದನ್ನ ಕೆಲಸ ಶುರುವಾಗೋ ಮೊದಲೇ ಹೇಳಬೇಕು. ಜೆಸಿಬಿ ಬಂದ ಮೇಲೆ ಹೇಳಿದ್ರೆ ಯಾರಿಗೂ ಕೇಳಿಸಲ್ಲ.

ಎರೆಭೂತ ಹೋದ ದಾರಿ

ಇದನ್ನ ಸುಮ್ಮನೆ ಹೆದರಿಸೋಕೆ ಹೇಳ್ತಿಲ್ಲ. ನಮ್ಮ ಜಿಲ್ಲೆ ಒಂದು ಹಕ್ಕಿಯನ್ನ ಈಗಾಗಲೇ ಕಳ್ಕೊಂಡಿದೆ.

ಎರೆಭೂತ. ಒಂದು ಮೀಟರ್ ಎತ್ತರದ, ಹಾರೋ ಹಕ್ಕಿಗಳಲ್ಲೇ ಅತಿ ಭಾರದ ಹಕ್ಕಿಗಳಲ್ಲಿ ಒಂದು. ಎರೆ ಭೂಮಿಯ ಹುಲ್ಲುಗಾವಲು ಇದರ ಮನೆ. ಪಕ್ಕದ ರಾಣೆಬೆನ್ನೂರಿನಲ್ಲಿ ಇದು ಇತ್ತು. ಅಲ್ಲಿ 1974ರಲ್ಲಿ ಕೃಷ್ಣಮೃಗಗಳಿಗಾಗಿ 119 ಚದರ ಕಿಲೋಮೀಟರಿನ ಅಭಯಾರಣ್ಯ ಆಯ್ತು. ಅಷ್ಟಾದ್ರೂ ಎರೆಭೂತ ಉಳೀಲಿಲ್ಲ. ಕಾರಣಗಳಲ್ಲಿ ದೊಡ್ಡದು ಏನು ಗೊತ್ತಾ? ಹುಲ್ಲು ಬಯಲನ್ನ 'ಬರಡು' ಅಂತ ತಿಳಿದು ನೀಲಗಿರಿ ಗಿಡ ನೆಟ್ಟಿದ್ದು. ಈ ಹಕ್ಕಿಗೆ ದೂರದವರೆಗೆ ಕಣ್ಣು ಹಾಯೋ ಬಯಲು ಬೇಕು. ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತೆ. ಮರಗಳ ಸಾಲು ಎದ್ದ ಮೇಲೆ ಅದು ಅದರ ಮನೆ ಆಗಿ ಉಳೀಲಿಲ್ಲ. ಈಗ ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಕಡೆ ಬೆರಳೆಣಿಕೆಯಷ್ಟು ಉಳಿದಿವೆ.

ನೆನಪಿಡಬೇಕಾದದ್ದು ಇಷ್ಟು. ಕೆರೆಯ ಕೆಸರನ್ನು ನಾವು ಗಲೀಜು ಅಂತೀವಿ. ಹುಲ್ಲು ಬಯಲನ್ನ ಬರಡು ಅಂತೀವಿ. ಬದುವಿನ ಪೊದೆಯನ್ನ ಕಸ ಅಂತೀವಿ. ಹಕ್ಕಿಗಳು ಬದುಕೋದು ಆ ಮೂರರಲ್ಲೇ.

ಒಂದು ದ್ವೀಪ ತನ್ನ ಗಿಳಿಯನ್ನ ಉಳಿಸಿಕೊಂಡಿದ್ದು

ಕೆರಿಬಿಯನ್ನಿನಲ್ಲಿ ಸೇಂಟ್ ಲೂಸಿಯಾ ಅಂತ ಒಂದು ಪುಟ್ಟ ದ್ವೀಪ ದೇಶ ಇದೆ. ಕ್ರಿಕೆಟಿಗ ಡ್ಯಾರೆನ್ ಸಾಮಿ ಅಲ್ಲಿನವರು. ಅಲ್ಲಿ ಮಾತ್ರ ಇರೋ ಒಂದು ಗಿಳಿ 1970ರ ದಶಕದಲ್ಲಿ ನೂರರ ಆಸುಪಾಸಿಗೆ ಇಳಿದಿತ್ತು. ಬೇಟೆ, ಹಿಡಿದು ಮಾರೋದು, ಕಾಡು ಕಡಿಯೋದು. 1979ರಲ್ಲಿ ಅದನ್ನ ರಾಷ್ಟ್ರಪಕ್ಷಿ ಮಾಡಿದ್ರು. ಕಾನೂನಿನ ಜತೆಗೆ ಶಾಲೆ, ಹಾಡು, ಪೋಸ್ಟರ್, ಗಿಳಿ ವೇಷ, ಎಲ್ಲದರಲ್ಲೂ 'ಇದು ನಮ್ಮ ಗಿಳಿ' ಅಂತ ಊರೂರಿಗೆ ಹೇಳಿದ್ರು. ಸಂಖ್ಯೆ ನಿಧಾನಕ್ಕೆ ಹಲವು ಪಟ್ಟು ಏರಿತು.

ದ್ವೀಪದ ಹಕ್ಕಿಗೆ ಬೇರೆ ಊರಿಲ್ಲ, ಅಲ್ಲಿ ಹೋದ್ರೆ ಜಗತ್ತಿನಿಂದಲೇ ಹೋಯ್ತು. ನಮ್ಮ ಹಕ್ಕಿಗಳಿಗೆ ಬೇರೆ ಕೆರೆ ಇದೆ, ಆದ್ದರಿಂದ ನಮ್ಮ ಕೆರೆ ಬಿಟ್ಟು ಹೋಗಿದ್ದು ತಕ್ಷಣ ಗೊತ್ತಾಗಲ್ಲ. ಯಾರಾದ್ರೂ ಎಣಿಸಿಟ್ಟಿದ್ದರೆ ಮಾತ್ರ ಗೊತ್ತಾಗೋದು.

ನಿಮ್ಮ ಫೋನು, ನಿಮ್ಮ ಕೆರೆ, 15 ನಿಮಿಷ

2023ರಲ್ಲಿ ಭಾರತದ ಹಕ್ಕಿಗಳ ಸ್ಥಿತಿ ಬಗ್ಗೆ ಒಂದು ದೊಡ್ಡ ವರದಿ ಬಂತು. ಅದಕ್ಕೆ ಆಧಾರ ಸುಮಾರು 30,000 ಹಕ್ಕಿ ವೀಕ್ಷಕರು ಕಳಿಸಿದ 3 ಕೋಟಿ ದಾಖಲೆಗಳು. ಅವರಲ್ಲಿ ಹೆಚ್ಚಿನವರು ವಿಜ್ಞಾನಿಗಳಲ್ಲ, ನಿಮ್ಮ ನನ್ನಂಥವರು. ದೀರ್ಘಾವಧಿ ಬದಲಾವಣೆ ಲೆಕ್ಕ ಹಾಕೋಕೆ ಸಾಧ್ಯವಾದ 338 ಜಾತಿಗಳಲ್ಲಿ 204 ಇಳಿಮುಖ. ನಮ್ಮ ನೀಲಕಂಠವೂ ಇಳಿಮುಖದ ಗುಂಪಿನಲ್ಲೇ ಇದೆ.

ನೀವು ಮಾಡಬೇಕಾದದ್ದು ಸರಳ. ಮೆರ್ಲಿನ್ ಅನ್ನೋ ಆ್ಯಪ್ ಹಕ್ಕಿಯ ಕೂಗು ಕೇಳಿ ಹೆಸರು ಸೂಚಿಸುತ್ತೆ. ಈ ಭಾಗದ ಪ್ಯಾಕ್ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಂಡ್ರೆ ನೆಟ್‌ವರ್ಕ್ ಇಲ್ಲದ ಹೊಲದಲ್ಲೂ ನಡೆಯುತ್ತೆ. ಅದು ಹೇಳಿದ್ದೇ ಕೊನೆ ಮಾತಲ್ಲ, ಕಣ್ಣಾರೆ ನೋಡಿ ಖಾತ್ರಿ ಮಾಡ್ಕೊಳ್ರಿ. ಕನ್ನಡದ ಹೆಸರು ಬೇಕಂದ್ರೆ ಪೂರ್ಣಚಂದ್ರ ತೇಜಸ್ವಿಯವರ 'ಕನ್ನಡ ನಾಡಿನ ಹಕ್ಕಿಗಳು' ಪುಸ್ತಕ ನೋಡ್ರಿ. ಅಜ್ಜ ಅಜ್ಜಿಯನ್ನೂ ಕೇಳ್ರಿ, ಆ್ಯಪ್‌ನಲ್ಲಿ ಇಲ್ಲದ ಹೆಸರುಗಳು ಅವರ ಬಾಯಲ್ಲಿವೆ.

ಆಮೇಲೆ ಇ-ಬರ್ಡ್ ಆ್ಯಪ್‌ನಲ್ಲಿ ಪಟ್ಟಿ ಹಾಕ್ರಿ. ಒಂದೇ ಜಾಗದಲ್ಲಿ 15 ನಿಮಿಷ ನಿಂತು, ಗುರುತು ಸಿಕ್ಕ ಎಲ್ಲಾ ಹಕ್ಕಿಗಳನ್ನ, ಎಷ್ಟು ಅಂತ ಎಣಿಸಿ ಬರೀರಿ. ಅಪರೂಪದ್ದನ್ನ ಮಾತ್ರ ಬರೆದು ಕಾಗೆ, ಗೋವಕ್ಕಿ ಬಿಡಬೇಡ್ರಿ. ಇಂದಿನ ಸಾಮಾನ್ಯ ಹಕ್ಕಿಯೇ ನಾಳೆ ಕಡಿಮೆಯಾದಾಗ ಹೋಲಿಸೋಕೆ ಇಂದಿನ ಲೆಕ್ಕ ಬೇಕು. ಅದೇ ಕೆರೆಗೆ ತಿಂಗಳಿಗೊಮ್ಮೆ ಹೋಗ್ರಿ. ದುರ್ಬೀನು ಇಲ್ಲದಿದ್ರೂ ನಡೆಯುತ್ತೆ.

ಮೂರು ನಿಯಮ. ಗೂಡಿನ ಹತ್ತಿರ ಹೋಗಬಾರದು, ಗೂಡಿನ ಫೋಟೊ ಜಾಗದ ಸಮೇತ ಸ್ಟೇಟಸ್‌ಗೆ ಹಾಕಬಾರದು. ಹಕ್ಕಿ ಕರೆಯೋಕೆ ಫೋನಿನಲ್ಲಿ ಅದರ ಕೂಗು ಹಾಕಬಾರದು, ಶತ್ರು ಬಂತು ಅಂತ ಅದು ಮರಿ ಬಿಟ್ಟು ಓಡಾಡುತ್ತೆ. ಬೆಳೆ ಇರೋ ಹೊಲಕ್ಕೆ ಕೇಳದೆ ಕಾಲಿಡಬಾರದು.

ಕೊನೆಯದು, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ, ಪ್ರಾಣಿ, ಹಕ್ಕಿಗಳ ದಾಖಲೆ ಪುಸ್ತಕ ಇರಬೇಕು. ನಿಮ್ಮ ಪಂಚಾಯಿತಿಗೆ ಹೋಗಿ 'ನಮ್ಮೂರಿನ ದಾಖಲಾತಿ ತೋರಸ್ರಿ' ಅಂತ ಕೇಳ್ರಿ. ಅದರಲ್ಲಿ ಕೆರೆಯ ಹಕ್ಕಿಗಳು ಇಲ್ಲದಿದ್ರೆ ನಿಮ್ಮ ಒಂದು ವರ್ಷದ ಪಟ್ಟಿಯನ್ನ ಪ್ರಿಂಟ್ ತೆಗೆದು ಕೊಡ್ರಿ. ಮುಂದೆ ಕೆರೆ ಕೆಲಸಕ್ಕೆ ನಕ್ಷೆ ತಯಾರಾದಾಗ 'ಈ ಕಡೆ ದಡ ಇಳಿಜಾರು ಬಿಡ್ರಿ' ಅಂತ ಗ್ರಾಮಸಭೆಯಲ್ಲಿ ಎದ್ದು ಹೇಳೋಕೆ ನಿಮ್ಮ ಕೈಯಲ್ಲಿ ಕಾಗದ ಇರುತ್ತೆ. ಬರೀ ಪ್ರೀತಿಯ ಮಾತಿಗಿಂತ ಅದಕ್ಕೆ ತೂಕ ಜಾಸ್ತಿ.

ಜನವರಿಯಲ್ಲಿ ಏಷ್ಯಾದಾದ್ಯಂತ ನೀರುಹಕ್ಕಿಗಳ ಗಣತಿ ನಡೆಯುತ್ತೆ. ಫೆಬ್ರುವರಿಯಲ್ಲಿ 4 ದಿನ ಜಗತ್ತಿನಾದ್ಯಂತ ಹಿತ್ತಲ ಹಕ್ಕಿ ಎಣಿಕೆ. ಜಮೈಕಾದಲ್ಲೊಬ್ಬರು ಅವತ್ತು ತಮ್ಮ ಹಿತ್ತಲಿನ ಪಟ್ಟಿ ಹಾಕೋವಾಗ ಹಾನಗಲ್ಲಿನಿಂದ, ಶಿಗ್ಗಾವಿಯಿಂದ, ಸವಣೂರಿನಿಂದ, ಹಿರೇಕೆರೂರಿನಿಂದಲೂ ಒಂದೊಂದು ಪಟ್ಟಿ ಹೋಗಲಿ. ನಿಮ್ಮ ಕೆರೆಯಲ್ಲಿ ಕಂಡ ಹಕ್ಕಿಗಳ ಹೆಸರನ್ನ ನಮಗೂ ವಾಯ್ಸ್ ಮೆಸೇಜ್ ಮಾಡ್ರಿ, ನಿಮ್ಮೂರಲ್ಲಿ ಏನಂತ ಕರೀತೀರೋ ಅದೇ ಹೆಸರಲ್ಲಿ. ಮುಂದಿನ ವಾರ ಸಿಗೋಣ. ಶರಣ್ರಿ.